ನಿಲ್ಲಲು ಕಲಿತವರ ಓಟ

ಅಂಜಿಕೆಯೆಂಬುದು ಮನುಷ್ಯನ ಹಳೆಯ ನೆಂಟ. ಕರೆಯದೆ ಬರುತ್ತದೆ; ಹೊರಡೆಂದರೂ ಹೊರಡುವುದಿಲ್ಲ. ಮಕ್ಕಳ ಬಳಿ ಅದು ನಾಲ್ಕು ದಿನ ಇದ್ದು ಹೋದರೆ ದೊಡ್ಡವರ ಬಳಿ ಠಾಣ್ಯವನ್ನೇ ಹೂಡಿಬಿಡುತ್ತದೆ. ಇನ್ನೂ ವಿಚಿತ್ರವೆಂದರೆ, ಮಕ್ಕಳು ಅಂಜಿದಾಗ ‘ಅಂಜಿಕೆ ಬಂತು’ ಎಂದು ಬಾಯಿಬಿಟ್ಟು ಹೇಳುತ್ತಾರೆ. ದೊಡ್ಡವರು ‘ಮೊಣಕಾಲು ನೋವು’ ಎಂದೋ ‘ಇದೆಲ್ಲ ಈ ವಯಸ್ಸಿಗೆ ಶೋಭಿಸದು’ ಎಂದೋ ಹೇಳಿ ಅದಕ್ಕೆ ಬೇರೆ ಹೆಸರನ್ನಿಡುತ್ತಾರೆ. ಹೆಸರು ಬದಲಾದ ಮಾತ್ರಕ್ಕೆ ನೆಂಟ ಮನೆ ಬಿಟ್ಟು ಹೋದಾನೆಯೇ?

ಬೆಳಗಾವಿಯ ಸ್ಕೇಟಿಂಗ್ ರಿಂಕುಗಳ ಬಳಿ ಸಂಜೆಯ ಹೊತ್ತು ಹಾದುಹೋಗುವವರು ಗಾಲಿಗಳ ಗರಗರ ಸದ್ದನ್ನು ಕೇಳಿಯೇ ಇರುತ್ತಾರೆ. ತಲೆಗೆ ಹೆಲ್ಮೆಟ್, ಮೊಣಕಾಲು ಮೊಣಕೈಗಳಿಗೆ ಗಟ್ಟಿ ಕವಚ, ಕಾಲಿಗೆ ಗಾಲಿಯ ಬೂಟು ತೊಟ್ಟ ಮಕ್ಕಳು ಸುತ್ತು ಹಾಕುತ್ತಿರುತ್ತಾರೆ. ಕುಂದಾ ಸಿಹಿಗೆ ಹೇಗೋ ಹಾಗೆ ಈ ಆಟಕ್ಕೂ ಬೆಳಗಾವಿ ಹೆಸರು ಪಡೆದಿದೆ. ಕಾಲುಗಳನ್ನು ಎರಡು ಬದಿಗೂ ಚಾಚಿ, ಮುಖ ನೆಲಕ್ಕೆ ತಗುಲೀತೆಂಬಷ್ಟು ಮೈಯನ್ನು ಬಗ್ಗಿಸಿ, ಸಾಲಾಗಿ ನಿಲ್ಲಿಸಿದ ಕಾರುಗಳ ಅಡಿಯಲ್ಲಿ ತೂರಿ ಹೋಗುವ ‘ಲಿಂಬೋ’ ಸ್ಕೇಟಿಂಗಿನಲ್ಲಿ ಈ ಊರಿನ ಮಕ್ಕಳು ಗಿನ್ನೆಸ್ ದಾಖಲೆಯ ಪುಸ್ತಕವನ್ನೂ ಸೇರಿದ್ದಾರೆ. ಅಂಥ ಮಕ್ಕಳನ್ನು ನೋಡಿದವರಿಗೆ ಅವರು ಹುಟ್ಟುವಾಗಲೇ ಅಂಜಿಕೆಯನ್ನು ಬಿಟ್ಟು ಬಂದವರೇನೋ ಎನಿಸುವುದು ಸಹಜ. ಆದರೆ ರಿಂಕಿನ ನಡುವೆ ಹಾರುವವರನ್ನು ನೋಡುವ ಕಣ್ಣು, ಅದರ ಅಂಚಿನ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದು ನಿಂತವರನ್ನು ನೋಡುವುದಿಲ್ಲ. ಇಂದು ಹಾರುವವರೂ ಒಂದು ದಿನ ಆ ಕಂಬಿಯನ್ನು ಹಿಡಿದು ನಿಂತವರೇ.

ಟಿಳಕವಾಡಿಯಲ್ಲೋ ಹನುಮಾನ ನಗರದಲ್ಲೋ ಇರಬಹುದಾದ ಒಂದು ಮನೆಯನ್ನು ಊಹಿಸಿಕೊಂಡರೆ ವಿಷಯ ತಿಳಿಯಾದೀತು. ಯಜಮಾನರಿಗೆ 42 ವರ್ಷ, ಬ್ಯಾಂಕಿನಲ್ಲಿ ಕೆಲಸ. ಅವರ ಪತ್ನಿ ಶಾಲೆಯ ಶಿಕ್ಷಕಿ. ಮಗಳಿಗೆ 8 ವರ್ಷ. ನೆರೆಮನೆಯ ಹುಡುಗ ಪದಕ ತಂದನೆಂಬ ಸುದ್ದಿ ಕೇಳಿ ಮಗಳನ್ನೂ ಸ್ಕೇಟಿಂಗಿಗೆ ಸೇರಿಸಿದರು. ಮೂರನೆಯ ದಿನ ತಂದೆಯೇ ಜೊತೆಗೆ ಹೋದರು. ಮಗಳು ಕಂಬಿಯನ್ನು ಬಿಡಲೊಲ್ಲಳು. ಅವಳಿಗಿಂತ ಚಿಕ್ಕ ಮಕ್ಕಳು ಸುಂಯ್ ಎಂದು ಮುಂದೆ ಹಾದುಹೋಗುತ್ತಿದ್ದಾರೆ. ನಾಲ್ಕು ಜನ ತಂದೆತಾಯಿಗಳು ನೋಡುತ್ತಿದ್ದಾರೆ. ತಂದೆಗೆ ಅದು ತನಗೇ ಆದ ಅವಮಾನವೆಂಬಂತೆ ತೋರಿತು.

“ಅಂಜಬ್ಯಾಡವಾ, ಕೈ ಬಿಡು! ಅಂಜೂದು ಏನೈತಿ ಅದರಾಗ?” ಎಂದು ಅವರು ಕೂಗಿದರು.

ಮಗಳು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಹೇಳಿದಳು: “ಅಪ್ಪಾ, ಓಡೂದು ಹ್ಯಾಂಗಂತ ನೋಡೀನಿ. ನಿಲ್ಲೂದು ಹ್ಯಾಂಗ ಅಂತ ಗೊತ್ತಿಲ್ಲ.”

ತಂದೆಯ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಎಂಟು ವರ್ಷದ ಹುಡುಗಿಯ ಈ ಮಾತಿಗೆ ಇತಿಹಾಸದಲ್ಲಿಯೂ ಸಾಕ್ಷಿಯಿದೆ. ಗಾಲಿಯ ಬೂಟನ್ನು ಮೊದಲು ತೊಟ್ಟವರಲ್ಲಿ ಹೆಸರು ಉಳಿದಿರುವವನು ಜಾನ್ ಜೋಸೆಫ್ ಮರ್ಲಿನ್. ಇಂದಿನ ಬೆಲ್ಜಿಯಂ ದೇಶದ ಹುಯಿ ಎಂಬ ಊರಿನಲ್ಲಿ 1735ರಲ್ಲಿ ಹುಟ್ಟಿ, 1760ರಲ್ಲಿ ಲಂಡನ್ನಿಗೆ ಬಂದು, ಗಡಿಯಾರಗಳನ್ನೂ ವಾದ್ಯಗಳನ್ನೂ ನಾನಾ ಬಗೆಯ ಚಮತ್ಕಾರದ ಯಂತ್ರಗಳನ್ನೂ ನಿರ್ಮಿಸಿದ ಜಾಣ. ಲಂಡನ್ನಿನ ಸೋಹೋದಲ್ಲಿ ನಡೆದ ಒಂದು ವೇಷಗಾರಿಕೆಯ ಔತಣಕ್ಕೆ ಅವನು ತಾನೇ ತಯಾರಿಸಿದ ಗಾಲಿಯ ಬೂಟುಗಳನ್ನು ತೊಟ್ಟು, ಪಿಟೀಲು ನುಡಿಸುತ್ತ, ಜನರ ನಡುವೆ ತೇಲಿ ಬಂದನಂತೆ. ಎಲ್ಲರೂ ಬೆರಗಾದರು. ಆದರೆ ತಿರುಗುವ ಉಪಾಯವನ್ನಾಗಲಿ ನಿಲ್ಲುವ ಉಪಾಯವನ್ನಾಗಲಿ ಅವನು ತನ್ನ ಬೂಟುಗಳಿಗೆ ಕಲಿಸಿರಲಿಲ್ಲ. ನೇರವಾಗಿ ಹೋಗಿ 500 ಪೌಂಡಿಗೂ ಮಿಗಿಲಾದ ಬೆಲೆಯ ಕನ್ನಡಿಗೆ ಡಿಕ್ಕಿ ಹೊಡೆದ. ಕನ್ನಡಿ ಚೂರುಚೂರಾಯಿತು, ಪಿಟೀಲು ಮುರಿಯಿತು, ಜಾಣನಿಗೂ ಬಲವಾದ ಗಾಯವಾಯಿತು. 1825ರಲ್ಲಿ ಅಚ್ಚಾದ ಸಂಗೀತಲೋಕದ ಪ್ರಸಂಗಗಳ ಪುಸ್ತಕವೊಂದರಿಂದ ಈ ಕಥೆ ಪ್ರಸಿದ್ಧವಾಗಿದೆ. ಮೈಯನ್ನು ಒಂದು ಬದಿಗೆ ವಾಲಿಸಿದರೆ ಗಾಲಿಯೂ ಅತ್ತ ತಿರುಗುವ ನಾಲ್ಕು ಗಾಲಿಗಳ ಸ್ಕೇಟಿಗೆ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಎಂಬವನು ಹಕ್ಕುಪತ್ರ ಪಡೆದದ್ದು 1863ರಲ್ಲಿ. ಆ ಬಳಿಕವೇ ಈ ಆಟ ಸಾಮಾನ್ಯ ಜನರ ಕೈಗೆ, ಅಲ್ಲ, ಕಾಲಿಗೆ ಬಂದಿತು. ಧೈರ್ಯಕ್ಕೆ ಮರ್ಲಿನ್ನನಲ್ಲಿ ಕೊರತೆಯಿರಲಿಲ್ಲ; ಅವನಿಗೆ ಇಲ್ಲದೆ ಹೋದದ್ದು ಬ್ರೇಕು.

ಹೀಗಿರಲು, ಕಂಬಿಯನ್ನು ಹಿಡಿದು ನಿಂತ ಮಗುವನ್ನು ಹೇಡಿಯೆನ್ನುವುದು ಎಷ್ಟರ ಮಟ್ಟಿಗೆ ನ್ಯಾಯ? ಅದಕ್ಕೆ ಚಲನೆಯ ಅಂಜಿಕೆಯಿಲ್ಲ. ಉಯ್ಯಾಲೆಯಲ್ಲಿ ಅದೇ ಮಗು ‘ಇನ್ನೂ ಜೋರು’ ಎಂದು ಕೇಳುತ್ತದೆ. ಅಂಜಿಕೆಯಿರುವುದು ಹಿಡಿತ ತಪ್ಪಿದ ಚಲನೆಗೆ. ಶುರುವಾದದ್ದು ತನ್ನ ಇಚ್ಛೆಯಂತೆ ನಿಲ್ಲುತ್ತದೆಂಬ ನಂಬಿಕೆಯಿದ್ದರೆ ಯಾರೂ ಹೊರಡಲು ಹಿಂಜರಿಯುವುದಿಲ್ಲ. ಸೈಕಲ್ ಕಲಿಯುವವನಿಗೆ ಬ್ರೇಕು, ಈಜು ಕಲಿಯುವವನಿಗೆ ಕಾಲಿಗೆ ಸಿಗುವ ನೆಲ ಹೇಗೋ, ಜಾರುವವನಿಗೆ ನಿಲ್ಲುವ ವಿದ್ಯೆ ಹಾಗೆ. ಆತ್ಮವಿಶ್ವಾಸವೆಂದು ಜನರು ಕರೆಯುವ ವಸ್ತು ಎದೆಯಲ್ಲಿ ಹುಟ್ಟುತ್ತದೆಂದು ತಿಳಿಯುವುದು ರೂಢಿ. ನಿಜವಾಗಿ ಅದು ಅನೇಕ ವೇಳೆ ಹುಟ್ಟುವುದು ಪಾದದಲ್ಲಿ.

ಮಗಳಿಗೆ ಬುದ್ಧಿ ಹೇಳಹೊರಟ ತಂದೆಯ ಜೇಬಿನಲ್ಲಿಯೂ ಒಂದು ಅಂಜಿಕೆಯಿತ್ತು. ಬರುವ ಜನವರಿಯಲ್ಲಿ ಸಹೋದ್ಯೋಗಿಗಳ ಕುಟುಂಬಗಳೊಡನೆ ಕಾಶ್ಮೀರದ ಗುಲ್ಮರ್ಗಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಸುಮಾರು 8,700 ಅಡಿ ಎತ್ತರದ ಆ ಹುಲ್ಲುಗಾವಲು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ. ಬ್ರಿಟಿಷ್ ಅಧಿಕಾರಿಗಳು 1927ರಲ್ಲಿಯೇ ಅಲ್ಲಿ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದ್ದರು. ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಆ ಸ್ಕೀ ಆಟವನ್ನು ಎಲ್ಲರೂ ಕಲಿಯೋಣವೆಂದು ಗೆಳೆಯರು ಉತ್ಸಾಹದಿಂದ ಹೇಳಿದ್ದರು. ಯಜಮಾನರು ನಕ್ಕು ಒಪ್ಪಿದ್ದರು. ಆ ರಾತ್ರಿಯಿಂದ ಅವರ ಕನಸಿನಲ್ಲಿ ಇಳಿಜಾರೊಂದು ಬರತೊಡಗಿತ್ತು. ಕೆಳಗೆ ನಿಂತ ಮಗಳು ನೋಡುತ್ತಿರುತ್ತಾಳೆ. ಅವರು ಎಲ್ಲರೆದುರು ಬೀಳುತ್ತಾರೆ. ಮೂಳೆ ಮುರಿಯುವ ಅಂಜಿಕೆಗಿಂತ ಮರ್ಯಾದೆ ಮುರಿಯುವ ಅಂಜಿಕೆಯೇ ನಡುವಯಸ್ಸಿನಲ್ಲಿ ದೊಡ್ಡದು.

ಹಿಮಕ್ಕೂ ಕನ್ನಡಿಗರಿಗೂ ಎಲ್ಲಿಯ ಸಂಬಂಧವೆಂದು ಅವರು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳಲು ನೋಡಿದ್ದುಂಟು. ಆ ಮಾತು ನಿಲ್ಲುವಂತಿಲ್ಲ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1957ರಿಂದ 1961ರವರೆಗೆ ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ 19ನೆಯ ಪದಾತಿ ವಿಭಾಗವನ್ನು ನಡೆಸುತ್ತಿದ್ದರು. ಆ ವರ್ಷದ ನವೆಂಬರಿನಲ್ಲಿ ಜೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿದ ಸಾಹಸ ಪ್ರಸಿದ್ಧವಾದುದು. ಅದೇ ಚಳಿಗಾಲದಲ್ಲಿ ಅವರ ವಿಭಾಗವು ಗುಲ್ಮರ್ಗಿನಲ್ಲಿ ಸೈನಿಕರಿಗೆ ಸ್ಕೀ ಶಾಲೆಯನ್ನು ತೆರೆಯಿತು. ಆ ಶಾಲೆಯೇ ಬೆಳೆದು 1962ರಲ್ಲಿ ‘ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್’ ಎಂಬ ಹೆಸರನ್ನು ಪಡೆಯಿತು. ಬೆಳಗಾವಿಯಲ್ಲಿಯೇ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಇಲ್ಲಿ ಕವಾಯತು ಕಲಿತು ಉತ್ತರದ ಗಡಿಗೆ ಹೋಗುವ ತರುಣರಲ್ಲಿ ಎಷ್ಟೋ ಮಂದಿ ಹಿಮವನ್ನು ಮೊದಲ ಬಾರಿಗೆ ಕಾಣುವುದು ಅಲ್ಲಿಯೇ. ಇನ್ನು ಇತ್ತೀಚಿನ ಮಾತು: ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಮೇಲೆ ದೂರದ ಓಟದ ಸ್ಕೀಯಿಂಗ್ ಕಲಿತು, 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಭಾಗವಹಿಸಿದರು. ಕಾಫಿ ತೋಟದ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಹಿಮದ ಊರಿನಲ್ಲಿ ಹುಟ್ಟಿದವರಿಗೆ ಮಾತ್ರ ಹಿಮ ಒಲಿಯುತ್ತದೆಂಬುದು ಅಂಜಿಕೆಯೇ ಕಟ್ಟಿದ ಕಥೆ.

ಶ್ರಾವಣ ಮಾಸದಲ್ಲಿ ಮನೆಯವರೆಲ್ಲ ಖಾನಾಪುರ ತಾಲೂಕಿನ ತಮ್ಮ ಹಳ್ಳಿಗೆ ಪಂಚಮಿ ಹಬ್ಬಕ್ಕೆ ಹೋದರು. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರು. ಅಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ಜಾಂಬೋಟಿ, ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿ. ಸಹ್ಯಾದ್ರಿಯ ಆ ಸೆರಗಿನಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಕೆಂಪು ಜಂಬಿಟ್ಟಿಗೆಯ ನೆಲ ನೆನೆದು, ಮೇಲೆ ಪಾಚಿ ಕಟ್ಟಿ, ಕಾಲುದಾರಿಗಳೆಲ್ಲ ಎಣ್ಣೆ ಸವರಿದಂತಾಗುತ್ತವೆ. ಹಿತ್ತಲಿನಿಂದ ಗದ್ದೆಗೆ ಇಳಿಯುವ ದಾರಿಯಲ್ಲಿ ಬ್ಯಾಂಕಿನ ಯಜಮಾನರು ಮೂರು ಹೆಜ್ಜೆ ಇಟ್ಟು, ನಾಲ್ಕನೆಯದಕ್ಕೆ ಹಿಂದಕ್ಕೆ ವಾಲಿ, ಕುಳಿತುಬಿಟ್ಟರು. ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಅವರ ಹಿಂದೆಯೇ ಎಪ್ಪತ್ತು ದಾಟಿದ ತಾಯಿ, ಕಂಬಳಿಯ ಕೊಪ್ಪೆ ಹೊದ್ದು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಅದೇ ದಾರಿಯಲ್ಲಿ ಇಳಿದು ಬಂದರು.

“ಹಿಂದಕ್ಕ ಯಾಕ ವಾಲ್ತಿ ತಮ್ಮಾ? ನೆಲಕ್ಕ ಅಂಜಿ ಹಿಂದ ಸರದ್ರ ಕಾಲು ಮುಂದ ಓಡತಾವ. ಮಣಕಾಲ ಸಡಲ ಬಿಡು, ಪಾದ ಅಡ್ಡ ಇಡು, ಸಣ್ಣ ಸಣ್ಣ ಹೆಜ್ಜಿ ಹಾಕು” ಎಂದರು.

ಅಜ್ಜಿ ಸ್ಕೀ ಹಲಗೆಯನ್ನು ಕಂಡವರಲ್ಲ. ಆದರೂ ಪ್ರಪಂಚದ ಯಾವ ಸ್ಕೀ ಶಾಲೆಯಲ್ಲಿಯೂ ಮೊದಲ ದಿನ ಹೇಳಿಕೊಡುವ ಪಾಠ ಅದೇ. ಇಳಿಜಾರನ್ನು ಕಂಡ ಮೈ ತನ್ನಷ್ಟಕ್ಕೆ ತಾನೇ ಬೆಟ್ಟದ ಕಡೆಗೆ, ಎಂದರೆ ಹಿಂದಕ್ಕೆ, ವಾಲುತ್ತದೆ. ಸುರಕ್ಷಿತವೆನಿಸುವ ಆ ವಾಲುವಿಕೆಯೇ ಅಪಾಯದ ಮೂಲ. ಮೈಭಾರ ಹಿಮ್ಮಡಿಗೆ ಹೋದೊಡನೆ ಹಲಗೆಯ ಮುಂತುದಿ ಹಗುರಾಗಿ, ಅದನ್ನು ತಿರುಗಿಸುವ ಹಿಡಿತ ತಪ್ಪುತ್ತದೆ. ಹಲಗೆ ಮುಂದೆ ಓಡುತ್ತದೆ, ಮನುಷ್ಯ ಹಿಂದೆ ಉಳಿಯುತ್ತಾನೆ. ಗಾಲಿಯ ಬೂಟಿನಲ್ಲಿ ನಡೆಯುವುದೂ ಇದೇ. ಮೊಣಕಾಲು ಬಗ್ಗಿ, ಕಣಕಾಲು ಬಗ್ಗಿ, ಮುಂಗಾಲಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತಿಕೊಂಡಿದ್ದರೆ ಭಾರ ಪಾದದ ನಡುವೆ ನಿಲ್ಲುತ್ತದೆ. ಅಂಜಿದವನ ಮೊಣಕಾಲು ಮಾತ್ರ ಮರಗಟ್ಟುತ್ತದೆ, ಉಸಿರು ಬಿಗಿಯುತ್ತದೆ, ಕಣ್ಣು ಪಾದದ ಮೇಲೆಯೇ ನೆಟ್ಟಿರುತ್ತದೆ. ಈ ಮೂರನ್ನೂ ತಿದ್ದಬಹುದು. ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತಿದ್ದರೆ ಮೊಣಕಾಲು ಸಡಿಲವಾಗುತ್ತದೆ. ಹತ್ತು ಹದಿನೈದು ಹೆಜ್ಜೆ ಮುಂದಿನ ನೆಲವನ್ನು ನೋಡುತ್ತಿದ್ದರೆ ಮೈ ತಾನಾಗಿ ಅತ್ತ ಸಾಗುತ್ತದೆ.

ಅಜ್ಜಿ ಹೇಳಿದ ‘ಅಡ್ಡ ಪಾದ’ಕ್ಕೂ ಸ್ಕೀ ವಿದ್ಯೆಯಲ್ಲಿ ದೊಡ್ಡ ಸ್ಥಾನವಿದೆ. ಹಲಗೆ ಇಳಿಜಾರಿಗೆ ನೇರವಾಗಿದ್ದರೆ ಓಡುತ್ತದೆ; ಅಡ್ಡಲಾಗಿದ್ದರೆ ನಿಲ್ಲುತ್ತದೆ. ಇಡೀ ಆಟದ ಗುಟ್ಟು ಈ ಒಂದು ವಾಕ್ಯದಲ್ಲಿದೆ. ಕಡಿದಾದ ಜಾಗದಲ್ಲಿ ಸಿಕ್ಕಿಕೊಂಡ ಹೊಸಬ ಹಲಗೆಗಳನ್ನು ಅಡ್ಡಲಾಗಿಟ್ಟು, ಮೆಟ್ಟಿಲಿಳಿಯುವಂತೆ ಪಕ್ಕಕ್ಕೆ ಒಂದೊಂದೇ ಹೆಜ್ಜೆ ಇಳಿದು ಬರಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಜಾರುತ್ತಿರುವಾಗ ವೇಗ ಹೆಚ್ಚಾಯಿತೆನಿಸಿದರೆ ಬೆಟ್ಟದ ಮೇಲ್ಬದಿಗೆ ತಿರುಗಿದರಾಯಿತು. ಇಳಿಜಾರೇ ಏರಾಗಿ ಮಾರ್ಪಟ್ಟು ಓಟವನ್ನು ನಿಲ್ಲಿಸುತ್ತದೆ. ಇವೆಲ್ಲಕ್ಕೂ ಮೊದಲು ಕಲಿಯಬೇಕಾದದ್ದು ನೇಗಿಲ ಭಂಗಿ. ಎರಡು ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ದೂರ ತಳ್ಳಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿದರೆ ಹಿಮ ಉಳುಮೆಯ ಮಣ್ಣಿನಂತೆ ಸರಿದು ವೇಗ ತಗ್ಗುತ್ತದೆ. ಹಿಂತುದಿಗಳನ್ನು ಅಗಲಿಸಿದಷ್ಟೂ ನಿಧಾನ, ಕೂಡಿಸಿದಷ್ಟೂ ಓಟ. ರಿಂಕಿನಲ್ಲಿಯೂ ಇದರ ತಮ್ಮನಿದ್ದಾನೆ: ಕಾಲುಗಳನ್ನು ಅಗಲಿಸಿ, ಬೆರಳುಗಳನ್ನು ಒಳಕ್ಕೆ ತಿರುಗಿಸಿ, ಹಿಮ್ಮಡಿಗಳನ್ನು ಹೊರಕ್ಕೆ ಒತ್ತಿದರೆ ಗಾಲಿಗಳು ನಿಧಾನವಾಗುತ್ತವೆ.

ಕಡಿದಾದ ಪರ್ವತಗಳಲ್ಲಿ ವೇಗವನ್ನು ಹಿಡಿತದಲ್ಲಿಡುವ ಈ ಬಗೆಯ ಉಪಾಯಗಳನ್ನು ಕ್ರಮಬದ್ಧವಾಗಿ ಯೋಚಿಸಿದವನು ಆಸ್ಟ್ರಿಯದ ಲಿಲಿಯನ್‌ಫೆಲ್ಡ್ ಎಂಬಲ್ಲಿದ್ದ ಮಥಿಯಾಸ್ ಝ್ದಾರ್ಸ್ಕಿ. ಅದು 1890ರ ದಶಕದ ಮಾತು. ನಾರ್ವೆಯಿಂದ ಬಂದ ಹಲಗೆಗಳು ಆಲ್ಪ್ಸ್ ಪರ್ವತದ ಕಡಿದಾದ ಇಳಿಜಾರುಗಳಿಗೆ ಹೊಂದದಿರಲು, ಓಡುವುದಕ್ಕಿಂತ ನಿಲ್ಲುವುದು ಹೇಗೆಂಬುದೇ ಅವನ ಚಿಂತೆಯಾಯಿತು. ಅವನ ಬಳಿಕ ಸೇಂಟ್ ಆಂಟನ್ ಗ್ರಾಮದ ಹಾನ್ನೆಸ್ ಶ್ನೈಡರ್ 1920ರ ದಶಕದಲ್ಲಿ ಸ್ಕೀ ಶಾಲೆಯನ್ನು ನಡೆಸಿ, ಕಲಿಯುವವರನ್ನು ಅವರವರ ಅಳವಿಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿದನು. ಮೊದಲು ನೇಗಿಲ ಭಂಗಿ, ಅನಂತರ ಅದರಿಂದಲೇ ಬೆಳೆಯುವ ತಿರುವು, ಕೊನೆಗೆ ವೇಗದ ತಿರುವು ಎಂದು ಮೆಟ್ಟಿಲುಗಳನ್ನು ಕಟ್ಟಿದನು. ಕೆಳಗಿನ ಮೆಟ್ಟಿಲು ಗಟ್ಟಿಯಾಗುವ ಮುನ್ನ ಮೇಲಿನದಕ್ಕೆ ಕಾಲಿಡಲು ಅಲ್ಲಿ ಅವಕಾಶವಿರಲಿಲ್ಲ.

ನಿಲ್ಲುವ ವಿದ್ಯೆಗೆ ಜೊತೆಯಾಗಿ ಬೀಳುವ ವಿದ್ಯೆಯೂ ಬೇಕು. ಬೆಳಗಾವಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆನಂದವಾಡಿಯ ಕುಸ್ತಿಯ ಕಣವನ್ನು ನೋಡಿದ ಊರಿದು. ತಾಲೀಮಿಗೆ ಸೇರಿದ ಹುಡುಗ ಪಟ್ಟುಗಳಲ್ಲಿ ಪಳಗುವ ಮೊದಲು ಕೆಂಪು ಮಣ್ಣಿನ ಮೇಲೆ ಎಷ್ಟು ಬಾರಿ ಬೀಳುತ್ತಾನೆಂಬ ಲೆಕ್ಕವಿರುವುದಿಲ್ಲ. ಬೀಳುವುದು ಅವನಿಗೆ ಸೋಲಲ್ಲ, ಪಾಠ. ರಿಂಕಿನಲ್ಲಿ ಸಮತೋಲ ತಪ್ಪಿದರೆ ಹಿಂದಕ್ಕೆ ಬೀಳದೆ, ಮೊಣಕಾಲು ಬಗ್ಗಿಸಿ ಕುಗ್ಗಿ, ಕವಚವಿರುವ ಮೊಣಕಾಲಿನ ಮೇಲೆ ಮುಂದಕ್ಕೆ ಬೀಳಬೇಕು. ಹಿಮದಲ್ಲಿಯಾದರೆ ಬೆಟ್ಟದ ಮೇಲ್ಬದಿಗೆ, ಪಕ್ಕಕ್ಕೆ, ಸೊಂಟದ ಮೇಲೆ ಕುಳಿತಂತೆ ಬೀಳುವುದು ಲೇಸು. ಏಳುವಾಗ ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ಮೈಗಿಂತ ಕೆಳಗೆ ಇಟ್ಟುಕೊಂಡು ಏಳಬೇಕು. ಇಲ್ಲವಾದರೆ ಎದ್ದೊಡನೆ ಮತ್ತೆ ಓಟ. ಬೀಳುವಾಗ ಕೈಯನ್ನು ನೆಟ್ಟಗೆ ನೆಲಕ್ಕೆ ಊರುವುದು ಎಲ್ಲರ ಸ್ವಭಾವ. ಮಣಿಕಟ್ಟಿನ ಮೂಳೆ ಮುರಿಯುವುದು ಅದರಿಂದಲೇ. ಸ್ಕೇಟಿಂಗಿನ ಗಾಯಗಳನ್ನು ಕುರಿತು 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನವು, ಮಣಿಕಟ್ಟಿನ ಕವಚ ತೊಡದವರಲ್ಲಿ ಆ ಗಾಯದ ಸಂಭವ ತೊಟ್ಟವರಿಗಿಂತ ಸುಮಾರು 10 ಪಟ್ಟು ಎಂದು ತೋರಿಸಿತು. ಕವಚಕ್ಕೆ ಕೊಟ್ಟ ಹಣ ಧೈರ್ಯಕ್ಕೆ ಕೊಟ್ಟ ಹಣವೇ ಸರಿ. ನಾಲ್ಕು ಬಾರಿ ನೋವಿಲ್ಲದೆ ಬಿದ್ದೆದ್ದವನಿಗೆ ಐದನೆಯ ಬಾರಿ ಬೀಳುವ ಅಂಜಿಕೆ ಅರ್ಧ ಕರಗಿರುತ್ತದೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಮಾಡಲಿಲ್ಲ.

ಆತ್ಮವಿಶ್ವಾಸವು ಎಲ್ಲಿಂದ ಬರುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರೂ ವಿಚಾರಿಸಿದ್ದಾರೆ. ಅಮೆರಿಕದ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಅದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು. ತಾನೇ ಮಾಡಿ ಗೆದ್ದ ಅನುಭವ ಮೊದಲನೆಯದು. ತನ್ನಂಥವರು ಮಾಡುವುದನ್ನು ಕಣ್ಣಾರೆ ಕಾಣುವುದು ಎರಡನೆಯದು. ಇತರರ ಪ್ರೋತ್ಸಾಹದ ನುಡಿ ಮೂರನೆಯದು. ಎದೆಬಡಿತ, ನಡುಕ ಮೊದಲಾದ ಮೈಯ ಸೂಚನೆಗಳನ್ನು ಮನಸ್ಸು ಅರ್ಥಮಾಡಿಕೊಳ್ಳುವ ಬಗೆ ನಾಲ್ಕನೆಯದು. ಇವುಗಳಲ್ಲಿ ಅತಿ ಬಲವಾದುದು ಮೊದಲನೆಯದು. ತಂದೆತಾಯಿಗಳು ಹೆಚ್ಚಾಗಿ ನಂಬುವುದು ಮೂರನೆಯದನ್ನು! ‘ಅಂಜಬೇಡ’ ಎಂದು ನೂರು ಸಲ ಹೇಳುವುದಕ್ಕಿಂತ ಹತ್ತು ಅಡಿ ಓಡಿ ತಾನಾಗಿ ಒಮ್ಮೆ ನಿಲ್ಲುವಂತೆ ಮಾಡುವುದು ಮೇಲು. ಎರಡನೆಯ ಮೂಲದಲ್ಲಿಯೂ ಒಂದು ಸೂಕ್ಷ್ಮವಿದೆ. ಪದಕ ಗೆದ್ದವನನ್ನು ತೋರಿಸಿ ‘ಅವನನ್ನು ನೋಡಿ ಕಲಿ’ ಎಂದರೆ ಅಂಜಿದ ಮಗುವಿಗೆ ಧೈರ್ಯ ಬರುವುದಿಲ್ಲ. ಕಳೆದ ತಿಂಗಳು ತನ್ನಂತೆಯೇ ಕಂಬಿ ಹಿಡಿದಿದ್ದು ಈಗ ಬಿಟ್ಟವಳನ್ನು ಕಂಡರೆ ಬರುತ್ತದೆ. ಇನ್ನು ಎದೆಬಡಿತ, ಅದು ಅಪಾಯದ ಗಂಟೆಯೇ ಆಗಬೇಕೆಂದಿಲ್ಲ, ಮೈ ಕೆಲಸಕ್ಕೆ ಸಿದ್ಧವಾಗುತ್ತಿರುವುದರ ಸದ್ದೂ ಆಗಿರಬಹುದು.

ಹಾಗೆಂದು ಎಲ್ಲ ಅಂಜಿಕೆಯನ್ನೂ ತುಳಿದು ಹೋಗಬೇಕೆಂದು ಅರ್ಥವಲ್ಲ. ಕೆಲವು ಅಂಜಿಕೆಗಳು ಮನೆಯ ಹಿರಿಯರಂತೆ. ಅವುಗಳ ಮಾತನ್ನು ಕೇಳಬೇಕು. ಬೂಟು ಸಡಿಲವಾಗಿದ್ದರೆ, ನೆಲ ಒದ್ದೆಯಾಗಿದ್ದರೆ, ಇಳಿಜಾರು ಕಲಿತ ವಿದ್ಯೆಗಿಂತ ಕಡಿದಾಗಿದ್ದರೆ, ಗೆಳೆಯರು ಹುರಿದುಂಬಿಸಿದರೆಂದು ಹೊರಡುವುದು ಧೈರ್ಯವಲ್ಲ, ಮರ್ಲಿನ್ನನ ದಾರಿ. ಬೆಳಗಾವಿಯಿರುವುದು ಸುಮಾರು 2,500 ಅಡಿ ಎತ್ತರದಲ್ಲಿ. ಇಲ್ಲಿಂದ ಗುಲ್ಮರ್ಗಿಗೆ ಹೋದವರಿಗೆ ತೆಳುವಾದ ಗಾಳಿಯಲ್ಲಿ ಬೇಗನೆ ಆಯಾಸವಾಗುತ್ತದೆ. ಮೊದಲ ದಿನ ವಿಶ್ರಾಂತಿ, ಅನಂತರ ಬಹುಮಟ್ಟಿಗೆ ಸಮತಟ್ಟಾದ ಜಾಗದಲ್ಲಿ ಅಭ್ಯಾಸ, ಕಲಿಸಲು ಗೆಳೆಯನಲ್ಲದೆ ತರಬೇತಾದ ಶಿಕ್ಷಕ. ಇವಿಷ್ಟನ್ನು ಪಾಲಿಸಿದರೆ ಅರ್ಧ ಅಪಾಯ ದೂರ. ಅಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆಯೇ ಇದೆ. ‘ಇನ್ನೊಂದೇ ಸುತ್ತು’ ಎಂಬ ಆಸೆಯನ್ನು ಸಂಜೆ ಕಾಲು ಸೋತಾಗ ಅದುಮಬೇಕು. ದಣಿದ ಕಾಲಿಗೆ ಕಲಿತ ವಿದ್ಯೆ ನೆನಪಿರುವುದಿಲ್ಲ.

ಮಳೆಗಾಲ ಮುಗಿದು ರಿಂಕು ಒಣಗಿತು. ಮಗಳಿಗೆ ಕಲಿಸುವವರು ಈ ಬಾರಿ ಓಟವನ್ನು ಬದಿಗಿಟ್ಟು, ಕಂಬಿಯ ಪಕ್ಕದಲ್ಲಿಯೇ ನಾಲ್ಕು ಹೆಜ್ಜೆ ಹೋಗಿ ನಿಲ್ಲುವುದನ್ನು ಹೇಳಿಕೊಟ್ಟರು. ನಾಲ್ಕು ಹೆಜ್ಜೆ, ನಿಲುಗಡೆ. ಆರು ಹೆಜ್ಜೆ, ನಿಲುಗಡೆ. ಬೇಕೆಂದೇ ಬಿದ್ದು ಏಳುವುದನ್ನೂ ಆಟವಾಗಿ ಮಾಡಿಸಿದರು. ದೀಪಾವಳಿಯ ಹೊತ್ತಿಗೆ ಕಂಬಿಯನ್ನು ಬಿಡೆಂದು ಯಾರೂ ಹೇಳಬೇಕಾಗಲಿಲ್ಲ. ಅದು ಎಂದು ಬಿಟ್ಟುಹೋಯಿತೆಂಬುದು ಅವಳಿಗೂ ಗೊತ್ತಾಗಲಿಲ್ಲ.

ತಂದೆಗೆ ಅದನ್ನು ನೋಡಿ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಡಿಸೆಂಬರಿನ ಒಂದು ರವಿವಾರ ಬೆಳಿಗ್ಗೆ, ಜನ ಕಡಿಮೆಯಿರುವ ಹೊತ್ತನ್ನು ನೋಡಿ, ಅವರು ಬಾಡಿಗೆಯ ಬೂಟು, ಹೆಲ್ಮೆಟ್, ಕವಚಗಳನ್ನೆಲ್ಲ ತೊಟ್ಟು ರಿಂಕಿಗೆ ಇಳಿದರು. ಇಳಿದೊಡನೆ ಎರಡೂ ಕೈಗಳಿಂದ ಕಂಬಿಯನ್ನು ಹಿಡಿದರು. ಅಂಗಿಯೊಳಗೆ ಬೆವರು ಇಳಿಯುತ್ತಿತ್ತು. ‘ಮೊಣಕಾಲು ನೋವು’ ಎಂದು ಹೇಳಿ ಹೊರಬರಲು ಬಾಯಿ ತೆರೆದವರು, ಪಕ್ಕದಲ್ಲಿ ಬಂದು ನಿಂತ ಮಗಳ ಮುಖವನ್ನು ನೋಡಿ ಸುಳ್ಳು ಹೇಳಲಾರದೆ, “ಅಂಜಿಕಿ ಬರತೈತವಾ” ಎಂದರು.

ಮಗಳು ನಗಲಿಲ್ಲ. “ಬರತೈತಪ್ಪಾ. ಮೊದಲ ನಿಲ್ಲೂದು ಹೇಳಿಕೊಡತೀನಿ, ಆಮ್ಯಾಲ ಓಡಿಯಂತ” ಎಂದಳು. “ಮಣಕಾಲ ಸಡಲ ಬಿಡು. ಆಯಿ ಹೇಳಿದ್ದು ನೆನಪೈತಿಲ್ಲ?”

ಅವರು ಮೊಣಕಾಲು ಬಗ್ಗಿಸಿದರು. ಉಸಿರನ್ನು ಹೊರಗೆ ಬಿಟ್ಟರು. ಪಾದವನ್ನು ಬಿಟ್ಟು ಎದುರಿನ ಗೋಡೆಯನ್ನು ನೋಡಿದರು. ಕೈ ಕಂಬಿಯನ್ನು ಬಿಟ್ಟಿತು. ಗಾಲಿಗಳು ನಾಲ್ಕೈದು ಅಡಿ ಉರುಳಿದವು. ಹಿಮ್ಮಡಿಗಳನ್ನು ಹೊರಕ್ಕೆ ಒತ್ತಿದರು. ನಿಂತರು. ಆ ನಾಲ್ಕೈದು ಅಡಿಗೆ ಯಾವ ಪದಕವೂ ಇಲ್ಲ. ಗುಲ್ಮರ್ಗಿನ ಹಿಮ ಇನ್ನೂ ಒಂದು ತಿಂಗಳು ದೂರವಿತ್ತು. ಅಲ್ಲಿ ಅವರು ಬೀಳಲೂಬಹುದು. ಆದರೆ ಅಂದಿನ ರಾತ್ರಿ ಕನಸಿನಲ್ಲಿ ಇಳಿಜಾರು ಬರಲಿಲ್ಲ. ನಿಲ್ಲಲು ಬರುತ್ತದೆಂದು ತಿಳಿದ ಮನಸ್ಸಿಗೆ ನಿದ್ದೆ ಸುಲಭವಾಗಿ ಬಂದಿತು.